ಒದ್ದೆ ಹಲಗೆಯ ಮೇಲಿನ ಶಂಖ

ಸಮುದ್ರದ ನೀರು ಇನ್ನೂ ಸಿಹಿಯಾಗಿದ್ದ ಕಾಲದಲ್ಲಿ ಒಬ್ಬಳು ಅಕ್ಕ, ಒಬ್ಬಳು ತಂಗಿ ಇದ್ದರಂತೆ, ಅಕ್ಕ ಕೊಲ್ಲಿಯ ಆ ದಡದಲ್ಲಿ, ತಂಗಿ ಈ ದಡದಲ್ಲಿ — ಓಮಾಳ ಕಥೆ ಹೀಗೇ ಶುರುವಾಗುತ್ತಿತ್ತು, ಸತ್ತ ಅಜ್ಜಿಯ ಕಥೆ ಈಗ ಯಾಕೆ ನೆನಪಾಗಬೇಕು, ಬಸ್ಸು ತಿರುವಿನಲ್ಲಿ ವಾಲಿದಾಗ ಪಕ್ಕದವಳ ತೊಡೆಯ ಮೇಲಿದ್ದ ಗಂಟು ಮಿನಾಳ ಮೊಣಕೈಗೆ ಒರಗಿತು, ಅದಕ್ಕೇ ಇರಬೇಕು, ಹಳೆಯ ಸರೋಂಗಿನ ಬಟ್ಟೆಯೊಳಗೆ ಅದು ಗಟ್ಟಿಯಾಗಿ, ತಣ್ಣಗೆ, ಒಂದು ತುದಿಗೆ ಚೂಪಾಗಿ, ಶಂಖವೇ, ಮತ್ತೇನಲ್ಲ, ಶಂಖ ತರುತ್ತೇನೆ ಎಂದು ಮೂರು ತಿಂಗಳಿಂದ ಹೇಳುತ್ತಲೇ ಇದ್ದಳಲ್ಲ ಈ ಹಾಪ್ಸಾ, ಆದರೆ ಯಾರ ಶಂಖ, ಅದು ಪ್ರಶ್ನೆ. ಅಭ್ಯಾಸದ ಅಷ್ಟೂ ದಿನ ಪ್ಲಾಸ್ಟಿಕ್ ಪೈಪಿನ ತುಂಡೊಂದನ್ನು ಊದಿಕೊಂಡು ಕಾಲ ಹಾಕಿದವಳು, ನಂದು ಸ್ಪರ್ಧೆ ದಿನಾನೇ ಬರೋದು, ಅದಕ್ಕೆ ಸುಮ್ಸುಮ್ನೆ ಬಿಸಿಲು ತಾಗಬಾರದು ಎಂದು ಕಿಸಕ್ಕನೆ ನಕ್ಕವಳು, ನಕ್ಕಾಗ ಮುಂದಿನ ಬೆಳ್ಳಿ ಹಲ್ಲು ಮಿಂಚಿತ್ತು, ಒಂದೇ ಒಂದು, ಮೇಲಿನ ಸಾಲಿನ ನಡುವೆ — ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದರೆ ಶಂಖವನ್ನು ಯಾರಾದರೂ ಮೂರು ತಿಂಗಳು ಮುಚ್ಚಿಡುತ್ತಾರಾ. ಮುಂದಿನ ಸೀಟಿನಲ್ಲಿ ಬಾಪಾ ಮೆಲ್ಕಿ ಎದ್ದು ನಿಂತು ತಲೆ ಎಣಿಸುತ್ತಿದ್ದಾರೆ, ನಮ್ಮೂರು ಹತುಲೇಸಿ ಆರು, ಕೊಲ್ಲಿಯಾಚೆಯ ವಾಯಿಸೆಲಾ ಆರು, ಹನ್ನೆರಡು ಜನ ಹನ್ನೆರಡು ಶಂಖ, ಒಬ್ಬೊಬ್ಬರಿಗೆ ಒಂದೊಂದೇ ಸ್ವರ, ಕೇಳ್ರಪ್ಪಾ, ಒಬ್ಬರು ಕೈಕೊಟ್ಟರೂ ಹಾಡಿಗೆ ಹಲ್ಲು ಬಿದ್ದ ಹಾಗೆ, ಗೊತ್ತಾಯ್ತಾ, ಅಂತಾರೆ, ಅವರಿಗೇನು, ಅವರು ಸಂಗೀತದ ಮೇಷ್ಟ್ರು, ಗಲಭೆಯ ವರ್ಷಗಳಲ್ಲಿ ಊರಲ್ಲೇ ಇರಲಿಲ್ಲ, ಆಮೇಲೆ ಬಂದು ನಮ್ಮವರೊಬ್ಬರ ಪಕ್ಕ ಅವರ ಕಡೆಯವರೊಬ್ಬರಂತೆ ಹೆಣೆದು ಕೂರಿಸಿಬಿಟ್ಟರು, ಶಾಂತಿ ಅಂದರೆ ಅದೇನು ಚಾಪೆಯಾ ಹೆಣೆಯೋದಕ್ಕೆ. ಅಂಗಿಗಳು ಬೇರೆ. ದಮಾಯ್ ಎಂದು ಅಚ್ಚು ಹಾಕಿಸಬೇಕಿತ್ತು, ಶಾಂತಿ ಎಂದು, ಅಚ್ಚಿನವನು ರಮಾಯ್ ಎಂದು ಹಾಕಿದ್ದಾನೆ, ಗದ್ದಲ ಎಂದು, ಹನ್ನೆರಡೂ ಎದೆಗಳ ಮೇಲೆ ದೊಡ್ಡ ಕೆಂಪಕ್ಷರದಲ್ಲಿ ಗದ್ದಲ, ಇರ್ಲಿ ಬಿಡ್ರಿ, ನಾವು ಊದೋದೂ ಗದ್ದಲಾನೇ ಅಲ್ವಾ ಎಂದ ವಾಯಿಸೆಲಾದ ಇದ್ರುಸ್, ಎಲ್ಲರೂ ನಕ್ಕರು, ಮಿನಾಗೆ ನಗು ಬರಲಿಲ್ಲ, ಅಂಗಿ ಹೊಲಿಸಿದ್ದು ವಾಯಿಸೆಲಾದವರೇ, ಒಂದು ಅಕ್ಷರ ತಾನಾಗಿ ತಪ್ಪುತ್ತದಾ, ತಪ್ಪಿಸುತ್ತಾರಾ.

ಓಮಾಳ ಶಂಖದ ಬಾಯಂಚಿನಲ್ಲಿ ಉಗುರಿನಷ್ಟು ಚೂರು ಎದ್ದುಹೋಗಿತ್ತು, ಎಳೇ ಚಂದ್ರನ ಹಾಗೆ, ಅಲ್ಲಿಗೆ ಓಮಾ ದಾಮರ ಮರದ ಅಂಟು ಕಾಸಿ ತುಂಬಿದ್ದಳು, ಜೇನಿನ ಬಣ್ಣದ ಚಂದ್ರ, ಆ ಗುರುತು ಈ ಗಂಟಿನೊಳಗೆ ಇದ್ದರೆ — ಇದ್ದರೆ ಏನು ಮಾಡುವುದೆಂದು ಮಿನಾ ಬಚ್ಚಲಲ್ಲಿ, ಒಲೆಯ ಮುಂದೆ, ಚರ್ಚಿನ ಬೆಂಚಿನ ಮೇಲೆ ಕೂತು ಅದೆಷ್ಟು ಸಲ ಯೋಚಿಸಿಲ್ಲ, ತೀರ್ಪುಗಾರರ ಎದುರಿಗೇ ಕಳ್ಳಿ ಎಂದು ಕೂಗಬೇಕು, ನಮ್ಮ ಆರು ಜನರನ್ನು ಎಬ್ಬಿಸಿಕೊಂಡು ಹೊರಡಬೇಕು, ಹಾಡು ಅಲ್ಲೇ ನಿಲ್ಲಲಿ, ಎರಡೂ ಊರಿನ ಈ ಶಾಂತಿಯ ನಾಟಕವೂ ಅಲ್ಲೇ ನಿಲ್ಲಲಿ. ಮಾತು ಕೊಟ್ಟಿದ್ದಾಳೆ ಓಮಾಗೆ. ಹೋದ ವರ್ಷ, ಕೊನೆಯ ವಾರ, ಚಾಪೆಯ ಮೇಲೆ ಮಲಗಿದ್ದ ಓಮಾ ಮಣಿಕಟ್ಟು ಹಿಡಿದುಕೊಂಡಳು, ಕೈ ಒಣಗಿದ ಮೀನಿನಂತೆ ಹಗುರ, ಹಿಡಿತ ಮಾತ್ರ ಗಟ್ಟಿ, ನನ್ನ ಶಂಖ ಯಾರ ಹತ್ರ ಸಿಗುತ್ತೋ ಅವಳಿಗೆ, ಆವತ್ತು ಹೇಳಬೇಕಾಗಿದ್ದ ಮಾತು ಹೇಳಿಬಿಡು ಮಗಾ, ಹೇಳ್ತೀಯಾ, ಹೇಳ್ತೀನಿ ಓಮಾ, ಹಾಗಲ್ಲ, ಸರಿಯಾಗಿ ಹೇಳು, ಹೇಳ್ತೀನಿ ಓಮಾ, ಖಂಡಿತ. ಯಾವ ಮಾತು ಎಂದು ಕೇಳಲಿಲ್ಲ. ಕೇಳುವುದೇನಿದೆ, ಊರು ಸುಟ್ಟ ದಿನ ಶಂಖ ಹೊತ್ತುಕೊಂಡು ಹೋದವರಿಗೆ ಹೇಳುವ ಮಾತು ಇನ್ನೆಂಥದ್ದಿರುತ್ತದೆ. ಅವಳಿಗೆ ಎಂದಳು ಓಮಾ, ಅವನಿಗೆ ಅನ್ನಲಿಲ್ಲ. ಹೆಂಗಸು ಎಂದು ಓಮಾಗೆ ಹೇಗೆ ಗೊತ್ತಿತ್ತು.

ಹಡಗು ಬಂದರು ಬಿಟ್ಟಾಗ ಬಿಸಿಲು ಏರಿತ್ತು, ಸೇರಾಂ ದ್ವೀಪ ಎದುರಿಗೆ ಮೋಡದ ಕೆಳಗೆ ಮಸುಕಾಗಿ, ಎರಡು ಗಂಟೆಯ ದಾರಿ, ಆಮೇಲೆ ಸ್ಪರ್ಧೆಯ ಊರು ಮಸೋಹಿ, ಆಮೇಲೆ ವೇದಿಕೆ. ಖಾಲಿ ಸೀಟು ಎಷ್ಟೋ ಇದ್ದವು, ಹಾಪ್ಸಾ ಮತ್ತೆ ಬಂದು ಮಿನಾಳ ಪಕ್ಕದಲ್ಲೇ ಕೂತಳು, ಯಾಕೆ, ಮೂರು ತಿಂಗಳಿಂದ ಹೀಗೇ, ಎಲ್ಲಿ ಕೂತರೂ ಪಕ್ಕಕ್ಕೆ ಬರುತ್ತಾಳೆ, ಬಂದು ಸುಮ್ಮನೆ ನೋಡುತ್ತಾಳೆ, ಸಂತೆಯಲ್ಲಿ ತೂಕ ನೋಡುವವರ ಹಾಗೆ, ನೋನಾ, ತಗೋ, ಬೆಳಿಗ್ಗೆ ಏನೂ ತಿಂದಿಲ್ಲ ನೀನು, ಎನ್ನುತ್ತಾ, ನೋನಾ ಅಂದರೆ ಪುಟ್ಟಿ ಅಂದ ಹಾಗೆ, ಕಲ್ಲಿನಂಥ ಸಾಗು ರೊಟ್ಟಿ ಮುರಿದು ಚಾಚಿದಳು, ಬೇಡ, ಹೊಟ್ಟೆ ತುಂಬಿದೆ ಇವ್ರೇ, ಎಂದಳು ಮಿನಾ. ಇವ್ರೇ. ಮೂರು ತಿಂಗಳಿಂದ ಇವ್ರೇ, ನೋಡಿ, ಸ್ವಲ್ಪ ಕೇಳಿ, ಹೀಗೇ ತಳ್ಳಿದ್ದಾಳೆ, ಹೆಸರಿಲ್ಲದ, ವರಸೆಯಿಲ್ಲದ ಮಾತು, ಯಾಕೆಂದರೆ ತನಗಿಂತ ಹಿರಿಯ ಹೆಣ್ಣನ್ನು ಈ ದ್ವೀಪದಲ್ಲಿ ಬರಿ ಹೆಸರಿಟ್ಟು ಕೂಗುವ ಹಾಗಿಲ್ಲ, ಅಕ್ಕ ಎನ್ನಲೇಬೇಕು, ಅಕ್ಕ ಎನ್ನಲು ಇರುವುದು ಎರಡು ಮಾತು, ಚರ್ಚಿಗೆ ಹೋಗುವವರ ಬಾಯಲ್ಲಿ ಉಸಿ, ಮಸೀದಿಗೆ ಹೋಗುವವರ ಬಾಯಲ್ಲಿ ಚಚಾ, ಬಾಯಿ ತೆರೆದರೆ ಸಾಕು ನೀನು ಯಾರೆಂದು ಬಯಲು. ಬಾಪಾ ಮೆಲ್ಕಿ ಮೊದಲ ದಿನವೇ ಹಾಪ್ಸಾಳನ್ನು ಚಚಾ ಎಂದು ಕರೆದರು, ಅವರ ಬಾಯಿಗೆ ಸಲೀಸು, ಹತುಲೇಸಿಯ ಉಳಿದ ಐವರೂ ಕಲಿತುಕೊಂಡರು, ಮಿನಾಳ ನಾಲಿಗೆ ಮಾತ್ರ ಆ ಮಾತಿನ ಹತ್ತಿರ ಬಂದು ಬಾಗಿಲ ಮುಂದೆ ನಿಂತ ಕತ್ತೆಯ ಹಾಗೆ ಕಾಲೂರುತ್ತದೆ, ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು, ಕಾರಣ ಅವಳಿಗೆ ಗೊತ್ತು, ಗೊತ್ತಿದ್ದೂ ಅತ್ತ ನೋಡುವುದಿಲ್ಲ. ಹಾಪ್ಸಾ ರೊಟ್ಟಿಯನ್ನು ಕಾಫಿಗೆ ಅದ್ದಿ ಬಾಯಿಯ ಬಲಗಡೆಗೆ ಇಟ್ಟುಕೊಂಡು ಕಡಿದಳು, ಮುಂದಿನ ಹಲ್ಲಿಗೆ ತಾಗಿಸದೆ, ಮಿನಾ ನೋಡಿದ್ದು ಕಂಡಿರಬೇಕು, ಇದೇ ದರಿದ್ರ ರೊಟ್ಟಿ ನನ್ನ ಹಲ್ಲು ಮುರಿದದ್ದು ನೋನಾ, ಅದ್ದದೆ ಕಡಿದುಬಿಟ್ಟೆ, ಎಂದಳು. ಸುಳ್ಳು. ಹೋದ ತಿಂಗಳು ಇದ್ರುಸ್‌ಗೆ ಹೇಳಿದ್ದು ಬೇರೆ, ಲವಂಗದ ಮರದಿಂದ ಬಿದ್ದೆ ಎಂದು, ಅದಕ್ಕೂ ಮೊದಲು ಬಾಪಾ ಮೆಲ್ಕಿಯ ಹೆಂಡತಿಗೆ, ಗಂಡ ಮಲಗಿದ್ದಾಗ ಮೊಣಕೈ ತಾಗಿತು ಎಂದು, ಒಂದು ಹಲ್ಲಿಗೆ ಮೂರು ಕಥೆ, ಸತ್ಯ ಹೇಳುವವರಿಗೆ ಒಂದೇ ಸಾಕಾಗುವುದಿಲ್ಲವಾ. ಪೈಪನ್ನೂ ಹಾಗೇ, ಬಾಯಿಯ ಮೂಲೆಯಲ್ಲಿಟ್ಟು ಊದುತ್ತಾಳೆ, ಆದರೂ ಆ ತಗ್ಗಿನ ಲಾ ಸ್ವರ ನೆಲದೊಳಗಿಂದ ಬಂದಹಾಗೆ ಬರುತ್ತದೆ, ಪೈಪಿನಲ್ಲೇ ಹಾಗೆ ಊದಬೇಕಾದರೆ ಯಾವ ಶಂಖದಲ್ಲಿ ಕಲಿತಳು. ಓಮಾಳದ್ದೂ ತಗ್ಗಿನ ಲಾ. ಅದೂ ಅಲ್ಲದೆ ಆ ಸಂಜೆಗಳು — ವರ್ಷಕ್ಕೊಂದು ಸಲ, ಲವಂಗ ಕೊಯ್ಲು ಮುಗಿದ ವಾರ, ಕೊಲ್ಲಿಯಾಚೆ ವಾಯಿಸೆಲಾ ಕಡೆಯಿಂದ ಒಂದೇ ಒಂದು ಉದ್ದನೆಯ ಲಾ ನೀರ ಮೇಲೆ ತೇಲಿ ಬರುತ್ತಿತ್ತು, ಓಮಾ ಕೈಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು, ಕೇಳಿಸ್ತಾ ಮಗಾ, ಕೇಳಿಸ್ತು ಓಮಾ, ನಮ್ಮದನ್ನೇ ಕದ್ದು ನಮಗೇ ಊದಿ ತೋರಿಸ್ತಾರೆ, ಕೊಬ್ಬು, ಎನ್ನುತ್ತಿದ್ದಳು ಮಿನಾ, ಓಮಾ ಅಡುಗೆಮನೆಗೆ ಹೋಗಿ ಕಂಚಿನ ತಪ್ಪಲೆಯ ತಳಕ್ಕೆ ಸೌಟಿನಿಂದ ಮೂರು ಸಲ ಬಡಿಯುತ್ತಿದ್ದಳು, ಢಂ ಢಂ ಢಂ, ವಯಸ್ಸಾಯಿತು, ಅರಳುಮರಳು, ದೆವ್ವ ಓಡಿಸುತ್ತಾಳೆ ಎಂದುಕೊಂಡಿದ್ದಳು ಮಿನಾ.

ಹಡಗು ಅಲೆ ಏರಿ ಇಳಿಯಿತು, ಅಕ್ಕ ತಂಗಿಗೆ ಒಂದು ಶಂಖ ಕೊಟ್ಟಳಂತೆ, ಕಷ್ಟ ಬಂದ ದಿನ ಊದು, ನಾನು ಎಲ್ಲಿದ್ದರೂ ಬರ್ತೀನಿ ಅಂದಳಂತೆ, ಒಂದು ದಿನ ತಂಗಿ ಊದಿದಳಂತೆ — ಆಮೇಲೆ, ಓಮಾ, ಆಮೇಲೆ ಏನಾಯ್ತು, ಆಮೇಲೆ ಅಕ್ಕ ಹೊರಟಳು, ದಾರೀಲಿದ್ದಾಳೆ, ನೀನು ಮಲಕ್ಕೊ, ಯಾವತ್ತೂ ಅಲ್ಲಿಗೇ ನಿಲ್ಲುತ್ತಿತ್ತು ಕಥೆ. ಅಕ್ಕ ವಾಯಿಸೆಲಾ, ತಂಗಿ ಹತುಲೇಸಿ, ಅದು ದೊಡ್ಡವರಿಗೆಲ್ಲ ಗೊತ್ತು, ಎರಡೂ ಊರಿನ ನಡುವೆ ಪೇಲಾ ಇದೆ, ಮುತ್ತಜ್ಜಂದಿರು ರಕ್ತ ಬೆರೆಸಿ ಕುಡಿದು ಇಟ್ಟ ಆಣೆ, ಅವರ ಮಸೀದಿಗೆ ನಾವು ಮರ ಹೊರಬೇಕು, ನಮ್ಮ ಚರ್ಚಿಗೆ ಅವರು ಹೆಂಚು ಹೊರಬೇಕು, ಆ ವರ್ಷ ಹೆಂಚು ಹೊತ್ತವರು ಬೆಂಕಿ ಹೊತ್ತು ತಂದರು. ಆ ದಿನ ಯಾರೋ ಕರೆಂಟಿನ ಕಂಬಕ್ಕೆ ಕಲ್ಲಿನಿಂದ ಬಡಿಯುತ್ತಿದ್ದರು, ಟಣ ಟಣ ಟಣ, ಓಡಿ ಎಂದು ಅರ್ಥ, ಎಲ್ಲರೂ ಗುಡ್ಡಕ್ಕೆ ಓಡಿದರು, ಓಮಾಗೆ ಮೊಣಕಾಲು ನೋವು, ಆರು ವರ್ಷದ ಮಿನಾ ಅವಳ ಸೆರಗು ಹಿಡಿದು, ಇಬ್ಬರೇ ಸಾಗು ತೋಟದ ಕೆಸರಲ್ಲಿ ಕೂತರು, ಓಮಾ ಶಂಖ ಊದಿದಳು, ಹುಚ್ಚಿಯ ಹಾಗೆ ಕೊಲ್ಲಿಯ ಕಡೆಗೆ ಮುಖಮಾಡಿ ಒಂದೇ ಸಮ ಊದಿದಳು, ಸುಮ್ಮನಿರೋದು ಬಿಟ್ಟು ಸಿಕ್ಕಿಹಾಕಿಕೊಳ್ಳುವ ಕೆಲಸ, ಹೊಗೆಯ ನಡುವಿಂದ ಒಬ್ಬಳು ಬಂದಳು. ಮುಖ ನೆನಪಿಲ್ಲ. ಎಷ್ಟು ತಿಣುಕಿದರೂ ಮುಖ ಬರುವುದಿಲ್ಲ, ಲವಂಗದ ವಾಸನೆ ಬರುತ್ತದೆ, ಅವಳು ತನ್ನ ತಲೆಯ ಬಟ್ಟೆ ಕಳಚಿ ಮಗುವಿನ ತಲೆಗೆ ಬಿಗಿಯಾಗಿ ಸುತ್ತಿದಳು, ಕೆನ್ನೆ ಹಿಂಡಿದಳು, ಕೇಳು, ದಾರೀಲಿ ಯಾರು ಸಿಕ್ಕರೂ ನೀನು ನನ್ನ ತಂಗಿ, ನನ್ನನ್ನ ಚಚಾ ಅನ್ನಬೇಕು, ಏನನ್ನಬೇಕು, ಚಚಾ, ಇನ್ನೊಂದ್ಸಲ, ಚಚಾ, ಜಾಣೆ. ಆಮೇಲೆ ಹಲಗೆಯ ಕಿರು ಧಕ್ಕೆ, ಕೊನೆಯಲ್ಲಿ ಒಂದು ದೋಣಿ, ನಡುವೆ ಮೂವರು ಗಂಡಸರು, ವಾಯಿಸೆಲಾದ ಹುಡುಗರೇ, ತಲೆಗೆ ಬಿಳಿ ಪಟ್ಟಿ, ಕೈಲಿ ದೊಣ್ಣೆ, ಯಾರು ಇವರು, ನನ್ನ ತಂಗಿ, ಮುದುಕಿ ನಮ್ಮ ದೊಡ್ಡಮ್ಮ, ಕಿವಿ ಕೇಳಿಸಲ್ಲ, ಸರಿ ಹೋಗಿ, ಹೋಗಿ ಎಂದೇಬಿಟ್ಟಿದ್ದರು, ದಾಟಿಯೂ ಆಗಿತ್ತು, ಮಿನಾಗೆ ಬಾಯಾರಿತ್ತು, ಹೊಗೆಯಿಂದ ಗಂಟಲು ಸುಡುತ್ತಿತ್ತು, ಆ ಹೆಂಗಸಿನ ಲಂಗ ಜಗ್ಗಿ, ಉಸಿ, ಬಾಯಾರಿಕೆ, ಎಂದಳು. ಉಸಿ. ಉಸಿರಿನಷ್ಟೇ ಸಣ್ಣ ಮಾತು. ಗಂಡಸರು ತಿರುಗಿದರು. ಆಮೇಲೆ ಓಮಾ ಮಿನಾಳನ್ನು ಬಾಚಿ ಎತ್ತಿಕೊಂಡು ಓಡಿದ್ದು, ದೋಣಿ ತೊಯ್ದಾಡಿದ್ದು, ಹಿಂದೆ ಪೆಟ್ಟಿನ ಸದ್ದು, ತೆಂಗಿನಕಾಯಿ ಒಡೆದ ಹಾಗೆ, ಓಮಾಳ ಭುಜದ ಮೇಲಿಂದ ಕಂಡದ್ದು ಇಷ್ಟೇ, ಒದ್ದೆ ಹಲಗೆಯ ಮೇಲೆ ಓಮಾಳ ಶಂಖ ಅಂಗಾತ ಬಿದ್ದಿದೆ, ಅದರ ಪಕ್ಕ ಒಂದು ಚಿಕ್ಕ ಬಿಳಿ ಚೂರು. ಶಂಖ ಒಡೆಯಿತು ಎಂದುಕೊಂಡಿದ್ದಳು ಆಗ. ದೊಡ್ಡವಳಾದ ಮೇಲೆ ಬೇರೆ ಬೇರೆ ಯೋಚನೆ ಬಂದವು, ಆ ಹೆಂಗಸು ನಮ್ಮನ್ನು ಆ ಧಕ್ಕೆಗೇ ಯಾಕೆ ಕರೆದೊಯ್ದಳು, ಅವಳ ಊರಿನ ಗಂಡಸರು ಅಲ್ಲೇ ಯಾಕೆ ಕಾದಿದ್ದರು, ಹಿಡಿದುಕೊಡಲೆಂದೇ ಬಂದಿದ್ದಳಾ, ಶಂಖ ಅವಳ ಕೂಲಿಯಾ — ಹೀಗೆ ಯೋಚಿಸಿದಾಗ ಗಂಟಲಲ್ಲಿ ಸಿಕ್ಕ ಮುಳ್ಳು ಸ್ವಲ್ಪ ಸಡಿಲವಾಗುತ್ತಿತ್ತು, ತಪ್ಪೆಲ್ಲ ಅವಳದು, ಆರು ವರ್ಷದವಳ ಒಂದು ಮಾತಿನದಲ್ಲ. ಓಮಾಳನ್ನು ಒಂದು ಸಲವೂ ಕೇಳಲಿಲ್ಲ. ಓಮಾಗೆ ಕೇಳಿಸಿರಲಿಕ್ಕಿಲ್ಲ, ಕಿವಿ ಕೇಳಿಸಲ್ಲ ಎಂದಿದ್ದಳಲ್ಲ ಆ ಹೆಂಗಸೇ.

ಮಸೋಹಿಯ ಸಭಾಂಗಣದ ಹಿಂದೆ ತಗಡಿನ ಚಪ್ಪರ, ಒಂಬತ್ತು ತಂಡ, ಚೀಟಿ ಎತ್ತಿದಾಗ ಇವರದು ನಾಲ್ಕನೆಯದು, ಒಳಗೆ ಯಾರೋ ಬಿದಿರ ಕೊಳಲು ನುಡಿಸುತ್ತಿದ್ದಾರೆ, ಚಪ್ಪಾಳೆ, ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಶಾಂತಿ ಶಾಂತಿ, ಮಾತು ಸವೆದು ಹೋಗುವಷ್ಟು. ಬಾಪಾ ಮೆಲ್ಕಿ ಬೆವರುತ್ತಾ, ತೆಗೀರಿ ತೆಗೀರಿ, ಶಂಖಕ್ಕೆ ನೀರು ತೋರಿಸಿ, ಬಾಯಿ ಒಣಗಿಸಿಕೊಳ್ಳಬೇಡಿ, ಇದ್ರುಸ್, ನೀನು ಆ ಸಿಗರೇಟು ಬಿಸಾಕು ಮೊದಲು, ಎನ್ನುತ್ತಾ ಓಡಾಡುತ್ತಿದ್ದಾರೆ, ಹಾಪ್ಸಾ ಕಂಬದ ಮರೆಗೆ ಹೋಗಿ ಕುಳಿತು ಗಂಟು ಬಿಚ್ಚಿದಳು, ಕಂಬದ ಮರೆಗೆ ಯಾಕೆ, ಮಿನಾ ಹಿಂದೆಯೇ ಹೋದಳು, ಕೊನೆಯ ಸುತ್ತು ಜಾರಿತು, ಬಾಯಂಚಿನಲ್ಲಿ ಜೇನಿನ ಬಣ್ಣದ ಚಂದ್ರ. ಇತ್ತು. ಹಾಗಾದರೆ ಇತ್ತು. ಕಳ್ಳಿ ಎನ್ನುವ ಮಾತು ಹಲ್ಲಿನ ಹಿಂದೆಯೇ ಬಂದು ನಿಂತಿತು, ಇದು ನಮ್ಮ ಓಮಾದು, ಎಲ್ಲಿ ಸಿಕ್ತು ನಿಮಗೆ, ಎಂದಳು. ಗೊತ್ತು ನೋನಾ, ಎಂದಳು ಹಾಪ್ಸಾ, ನಿಮ್ಮ ಓಮಾದೇ, ಹಲಗೆ ಮೇಲೆ ಬಿದ್ದಿತ್ತು, ಬಿಟ್ಟರೆ ಅವರು ಒದ್ದು ನೀರಿಗೆ ಹಾಕ್ತಿದ್ರು, ಹೊಟ್ಟೆ ಕೆಳಗೆ ಇಟ್ಟುಕೊಂಡು ಅದರ ಮೇಲೇ ಮಲಗಿಬಿಟ್ಟೆ, ಇವತ್ತು ಊದಿ ನಿನ್ನ ಕೈಗೆ ಕೊಟ್ಟುಬಿಡಬೇಕು ಅಂತಲೇ ತಂದದ್ದು. ಕಥೆ ಕಟ್ಟುತ್ತಿದ್ದಾಳೆ, ಹಲ್ಲಿಗೆ ಮೂರು ಕಥೆ ಕಟ್ಟಿದವಳಿಗೆ ಶಂಖಕ್ಕೊಂದು ಕಟ್ಟುವುದು ಕಷ್ಟವಾ, ಹದಿನೇಳು ವರ್ಷ ಯಾಕೆ ಕೊಡಲಿಲ್ಲ ಹಾಗಾದರೆ, ವರ್ಷ ವರ್ಷ ಊದಿ ಊದಿ ನಮ್ಮನ್ನ ಯಾಕೆ ಅಣಕಿಸಿದ್ದು. ಅಣಕಿಸೋದಾ, ಹಾಪ್ಸಾಳ ಹುಬ್ಬು ಮೇಲೇರಿತು, ಅಯ್ಯೋ ಮಗಾ, ಎರಡೂರಿನ ನಡುವಿನ ಸೇತುವೆ ಸುಟ್ಟಿತ್ತು, ಆ ಕಡೆ ಬಂದರೆ ನಿಮ್ಮವರು ಕಡೀತಿದ್ರು, ಈ ಕಡೆ ನಮ್ಮವರೇ ನನ್ನ ಮೇಲೆ ಕಣ್ಣಿಟ್ಟು ಕಾಯ್ತಿದ್ರು, ಬದುಕಿದೀನಿ ಅಂತ ಓಮಾಗೆ ಹೇಗೆ ಹೇಳಲಿ, ಸೇತುವೆ ಕಟ್ಟಿದ ಮೇಲೆ ಒಂದ್ಸಲ ಬಂದಿದ್ದೆ, ನೀನೇ ಬಾಗಿಲು ತೆಗೆದೆ, ನನ್ನ ತಲೆ ಬಟ್ಟೆ ನೋಡಿದ್ದೇ ಪಟ್ ಅಂತ ಮುಚ್ಚಿದೆ, ಮುಖಾನೂ ನೋಡಲಿಲ್ಲ, ಇರ್ಲಿ, ಹೆದರಿದ್ದೆ ನೀನು. ಅದಕ್ಕೇ ಊದುತ್ತಿದ್ದೆ, ನಾನು ಊದಿದರೆ ಆಕಡೆಯಿಂದ ತಪ್ಪಲೆ ಬಡೀತಿದ್ರಲ್ಲ, ಮೂರು ಸಲ, ಗಾಳಿ ಈ ಕಡೆಗಿದ್ದರೆ ಚೆನ್ನಾಗಿ ಕೇಳಿಸ್ತಿತ್ತು, ಹೋದ ಸಲ ಊದಿದೆ, ಬಡೀಲಿಲ್ಲ, ಆಗ ಗೊತ್ತಾಯ್ತು ನನಗೆ, ಓಮಾ ಇಲ್ಲ ಅಂತ.

ತಪ್ಪಲೆಯ ವಿಷಯ ಇವಳಿಗೆ ಯಾರೂ ಹೇಳಿರಲು ಸಾಧ್ಯವಿಲ್ಲ, ಮಿನಾ ಅದನ್ನು ನಾಚಿಕೆಯಿಂದ ಯಾರ ಹತ್ತಿರವೂ ಆಡಿಲ್ಲ, ಆದರೂ, ಆದರೂ ಒಂದು ಉಳಿದಿದೆ, ಇವಳು ಆ ಹೆಂಗಸೇ ಹೌದಾ ಎಂದು ಹಿಡಿಯುವ ಒಂದೇ ಕೊಕ್ಕೆ, ಆವತ್ತು ಆ ಧಕ್ಕೆಯ ಮೇಲೆ ಮಗು ಏನು ಕೇಳ್ತು, ಎಂದಳು ಮಿನಾ. ನೀರು ಕೇಳ್ತು ಪಾಪ. ನಿಮ್ಮನ್ನ ಏನಂತ ಕರೀತು. ಹಾಪ್ಸಾ ಶಂಖದ ಮೈಯನ್ನು ಬಟ್ಟೆಯಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು, ಮಕ್ಕಳು ಏನಂತ ಕರೀತಾವೆ ನೋನಾ, ಅಕ್ಕ ಅಂತ, ಎಂದಳು, ನಕ್ಕಳು, ಬೆಳ್ಳಿ ಹಲ್ಲು ಮಿಂಚಿತು, ಸಾಗು ರೊಟ್ಟಿಯಲ್ಲ, ಲವಂಗದ ಮರವಲ್ಲ, ಗಂಡನ ಮೊಣಕೈಯಲ್ಲ, ಮೂರು ಸುಳ್ಳನ್ನೂ ಇವಳು ಯಾರಿಗಾಗಿ ಹೊತ್ತು ತಿರುಗಿದಳು, ಊರಿನವರೆಲ್ಲ ಕೇಳಿದರಲ್ಲ, ಹೇಳಿಬಿಡಬಹುದಿತ್ತಲ್ಲ, ಹತುಲೇಸಿಯ ಆ ಹುಡುಗಿ ಒಂದು ಮಾತು ತಪ್ಪಿದಳು ಎಂದು. ನಾಲ್ಕನೇ ತಂಡ, ಹತುಲೇಸಿ–ವಾಯಿಸೆಲಾ, ಎಂದಿತು ಧ್ವನಿವರ್ಧಕ, ಬನ್ರೀ ಬನ್ರೀ, ಗದ್ದಲದವರೆಲ್ಲ ಒಳಗೆ, ಎಂದು ಬಾಪಾ ಮೆಲ್ಕಿ ಬೆನ್ನು ತಳ್ಳಿದರು, ದೀಪ, ಮರದ ವೇದಿಕೆ, ಹಿಂದಿನ ತಂಡದವರು ಶಂಖಕ್ಕೋ ಕೊಳಲಿಗೋ ಚೆಲ್ಲಿದ ನೀರು ಹಲಗೆಯ ಮೇಲೆ ಹರಡಿದೆ, ಕಾಲಡಿ ಒದ್ದೆ, ಸಾಲಿನಲ್ಲಿ ಮಿನಾ ಸೋ, ಅವಳ ಪಕ್ಕ ಲಾ, ಹಾಡು ಶುರುವಾಗುವುದೇ ಇವೆರಡರಿಂದ, ಮಿನಾಳ ಗಂಟಲು ಒಣಗಿ ಹೊಗೆ ಕುಡಿದಂತೆ ಸುಡುತ್ತಿದೆ, ಹೀಗೆ ಊದಿದರೆ ಗಾಳಿ ಮಾತ್ರ ಬರುತ್ತದೆ, ಬಾಪಾ ಮೆಲ್ಕಿಯ ಕೈ ಮೇಲೇರುತ್ತಿದೆ, ಯಾವ ಮಾತು ಓಮಾ, ಎಂದು ಕೇಳಲೇ ಇಲ್ಲವಲ್ಲ, ಕಿವಿ ಕೇಳಿಸದವಳಲ್ಲ ನೀನು, ಎಲ್ಲ ಕೇಳಿಸಿಕೊಂಡಿದ್ದೆ, ಸಾಯುವವರೆಗೂ ಒಂದೇ ಒಂದು ಸಲ ನನ್ನ ಮುಖ ನೋಡಿ ಅಂದುಬಿಡಲಿಲ್ಲ, ಆವತ್ತು ಹೇಳಬೇಕಾಗಿದ್ದ ಮಾತು, ಸರಿಯಾಗಿ ಹೇಳು, ಹೇಳ್ತೀನಿ ಓಮಾ, ಖಂಡಿತ — ಮಿನಾ ಪಕ್ಕಕ್ಕೆ ತಿರುಗಿ, ಹಾಪ್ಸಾಳ ಅಂಗಿಯ ತುದಿ ಜಗ್ಗಿ, ಚಚಾ, ಎಂದಳು, ಚಚಾ, ಬಾಯಾರಿಕೆ. ಬಾಪಾ ಮೆಲ್ಕಿ ಎತ್ತಿದ ಕೈ ಹಾಗೇ ಹಿಡಿದು ಕಣ್ಣು ಬಿಟ್ಟರು, ಸಾಲಿನವರೆಲ್ಲ ತಿರುಗಿದರು, ತಿರುಗಲಿ, ಹಾಪ್ಸಾ ಸೊಂಟದ ಚೀಲದಿಂದ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಕೊಟ್ಟಳು, ಕುಡಿ, ನಿಧಾನ, ಎಂದಳು, ನೀರು ಇಳಿಯಿತು, ಕೈ ಬಿತ್ತು, ಸೋ ಎಂದಳು ಮಿನಾ ಶಂಖದೊಳಗೆ, ಪಕ್ಕದಿಂದ ಲಾ ಎದ್ದಿತು, ಬಾಯಿಯ ಮೂಲೆಯಿಂದ, ನೆಲದೊಳಗಿಂದ, ಕೊಲ್ಲಿಯಾಚೆಯಿಂದ, ಮಿನಾ ಮುಂದಿನ ಸ್ವರಗಳನ್ನು ಎಣಿಸಬೇಕಿತ್ತು, ಎಣಿಸಲಿಲ್ಲ, ಕಣ್ಣು ಕೆಳಗೆ ನಿಂತುಬಿಟ್ಟಿತ್ತು, ಒದ್ದೆ ಹಲಗೆ, ಹಲಗೆಯ ಮೇಲೆ ಶಂಖ, ಶಂಖದ ಪಕ್ಕ ಚಿಕ್ಕದೊಂದು ಬಿಳಿ ಚೂರು, ಶಂಖದ್ದಲ್ಲ, ಹಲ್ಲು, ಒದ್ದೆ ಹಲಗೆಯ ಮೇಲೆ ಒಂದು ಹಲ್ಲು